ಹೆಸರು ಹೇಳದ ಏಜೆಂಟ್, ಪ್ರಶ್ನೆ ಕೇಳದ ಸಮುದಾಯ

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಅಲ್ಲಿಗೆ ರೈತ ತರುವ ಪ್ರತಿಯೊಂದು ಬೇಲ್‌ಗೂ ಒಂದು ಚೀಟಿಯಿರುತ್ತದೆ. ಬೆಳೆದವರು ಯಾರು, ತೂಕವೆಷ್ಟು, ದರ್ಜೆ ಯಾವುದು, ಕೊಂಡ ಕಂಪೆನಿ ಯಾವುದು, ಕಿಲೋಗೆ ಸಿಕ್ಕಿದ ಬೆಲೆಯೆಷ್ಟು ಎಂಬುದೆಲ್ಲ ದಾಖಲಾಗುತ್ತದೆ. ಬೆಲೆಯ ಕುರಿತು ರೈತನಿಗೆ ನೂರು ತಕರಾರುಗಳಿರಬಹುದು. ಆದರೆ ತನ್ನ ಬೇಲ್ ಕೊಂಡವರು ಯಾರೆಂದು ತಿಳಿಯದೆ ಅವನು ಮನೆಗೆ ಮರಳುವುದಿಲ್ಲ.

ಅದೇ ತಾಲ್ಲೂಕಿನ ನಮ್ಮ ಮನೆಯೊಂದರಿಂದ ಇಪ್ಪತ್ತೆರಡು ವರ್ಷದ ಮಗ ಗಲ್ಫಿಗೆ ಹೊರಡುತ್ತಾನೆ. ಅವನನ್ನು ಕೆಲಸಕ್ಕೆ ತೆಗೆದುಕೊಂಡ ಕಂಪೆನಿ ಯಾವುದೆಂದು ತಂದೆಯನ್ನು ಕೇಳಿ ನೋಡಿರಿ. “ಏಜೆಂಟರಿಗೆ ಗೊತ್ತು” ಎನ್ನುತ್ತಾರೆ. ಏಜೆಂಟರ ಹೆಸರೇನೆಂದು ಕೇಳಿದರೆ, “ಎಲ್ಲರೂ ಭಾಯಿ ಎನ್ನುತ್ತಾರೆ, ಪೂರ್ತಿ ಹೆಸರು ಗೊತ್ತಿಲ್ಲ” ಎಂಬ ಉತ್ತರ ಬರುತ್ತದೆ. ತಂಬಾಕಿನ ಬೇಲ್‌ಗೆ ಇರುವ ಚೀಟಿ ನಮ್ಮ ಮಕ್ಕಳಿಗಿಲ್ಲ. ಈ ಮಾತು ಕಟುವೆನಿಸಿದರೆ, ವಾಸ್ತವ ಅದಕ್ಕಿಂತ ಕಟುವಾಗಿದೆ ಎಂದಷ್ಟೇ ಹೇಳಬಲ್ಲೆವು.

ಹೊಳೆನರಸೀಪುರವಿರಲಿ, ಚನ್ನರಾಯಪಟ್ಟಣವಿರಲಿ, ಹಾಸನ ನಗರವೇ ಇರಲಿ, ಈ ವ್ಯವಹಾರದ ಸ್ವರೂಪ ಒಂದೇ. ಏಜೆಂಟನಿಗೆ ಕಚೇರಿಯಿಲ್ಲ, ನಾಮಫಲಕವಿಲ್ಲ. ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಮಾತು ಮುಗಿಯುತ್ತದೆ. ಪರಿಚಯಿಸಿದವನು ದೂರದ ಸಂಬಂಧಿ. ಅವನ ಮೇಲೆ ಇನ್ನೊಬ್ಬ, ಆ ಇನ್ನೊಬ್ಬನ ಮೇಲೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಮತ್ತೊಬ್ಬ. ಆ ಕೊನೆಯವನನ್ನು ಊರಿನಲ್ಲಿ ಯಾರೂ ಕಂಡಿಲ್ಲ. ಮೊದಲು ಪಾಸ್‌ಪೋರ್ಟ್ ಪಡೆಯಲಾಗುತ್ತದೆ, ಆಮೇಲೆ ಮೆಡಿಕಲ್ ಮತ್ತು ಫೈಲ್ ಖರ್ಚಿನ ಹೆಸರಿನಲ್ಲಿ ಮೊದಲ ಕಂತು. ರಸೀದಿ ಕೇಳಿದರೆ “ನಮ್ಮ ಮೇಲೆ ಭರವಸೆಯಿಲ್ಲವೇ ಚಾಚಾ?” ಎಂದು ನೊಂದವನಂತೆ ನುಡಿಯುತ್ತಾನೆ. ಕಂಪೆನಿಯ ಹೆಸರು ಕೇಳಿದರೆ ವೀಸಾ ಬಂದ ಮೇಲೆ ಹೇಳುವೆನೆನ್ನುತ್ತಾನೆ. ಕೊನೆಗೆ ಒಂದು ಕಟ್ಟಪ್ಪಣೆ: “ಇರುವುದು ನಾಲ್ಕೇ ಜಾಗ. ಯಾರಿಗೂ ಹೇಳಬೇಡಿ.”

ಮದರಸದಲ್ಲಿ ಕಲಿತ ಅರಬಿಯ ಕಾರಣಕ್ಕೆ ವೀಸಾ ಕಾಗದಗಳನ್ನು ಓದಿಸಲು ಕೆಲವರು ನಮ್ಮ ಬಳಿಗೆ ಬರುವುದುಂಟು. ಕೆಲವು ವರ್ಷಗಳ ಹಿಂದೆ ತಂದೆ ಮಗ ಇಬ್ಬರೂ ಅಂತಹದೊಂದು ಕಾಗದ ಹಿಡಿದು ಬಂದರು. ಮಗನಿಗೆ ಕಂಪೆನಿಯೊಂದರಲ್ಲಿ ಡ್ರೈವರ್ ಕೆಲಸವೆಂದು ಹೇಳಲಾಗಿತ್ತು. ಎರಡು ದಿನಗಳಲ್ಲಿ ವಿಮಾನ. ಕಾಗದದ ಉದ್ಯೋಗದ ಸಾಲಿನಲ್ಲಿ, ಕುರಿ ಕಾಯುವವನು ಎಂಬರ್ಥದ ಎರಡು ಅರಬಿ ಪದಗಳಿದ್ದವು. ಉದ್ಯೋಗದಾತನ ಸ್ಥಾನದಲ್ಲಿ ಕಂಪೆನಿಯ ಹೆಸರಿರಲಿಲ್ಲ, ಒಬ್ಬ ವ್ಯಕ್ತಿಯ ಹೆಸರಿತ್ತು. ನಾವು ಓದಿ ಹೇಳಿದೆವು. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಜರತ್, ಹಣ ಆಗಲೇ ಹೋಗಿದೆ. ಇವನ ಅಮ್ಮಿಯ ಬಳೆ, ಸರ ಎಲ್ಲ ಗಿರವಿಯಲ್ಲಿವೆ. ಹೋಗಿ ಬರಲಿ, ಅಲ್ಲಾಹ್ ಇದ್ದಾನೆ” ಎಂದರು. ಹುಡುಗ ಹೋದ. ಮರುಭೂಮಿಯಲ್ಲಿ ಹದಿನಾಲ್ಕು ತಿಂಗಳು ಕುರಿ ಕಾದು, ಅರ್ಧಕ್ಕೂ ಹೆಚ್ಚು ತಿಂಗಳುಗಳ ಸಂಬಳ ಕಳೆದುಕೊಂಡು ಹಿಂದಿರುಗಿದ. ಏಜೆಂಟನ ಹೆಸರನ್ನು ಆ ಮನೆಯವರು ಇಂದಿಗೂ ಹೊರಗೆ ಹೇಳಿಲ್ಲ. ಅಂದು ನಾವೂ ಒತ್ತಾಯಿಸಿ ಕೇಳಲಿಲ್ಲ. ಅವನು ಆಮೇಲೆ ಎಷ್ಟು ಮಂದಿಯನ್ನು ಕಳುಹಿಸಿದನೋ, ಅದರ ಲೆಕ್ಕದಲ್ಲಿ ನಮ್ಮ ಮೌನದ ಪಾಲೂ ಇದೆ. ಈ ಲೇಖನ ಆ ಪಾಪಪ್ರಜ್ಞೆಯಿಂದಲೇ ಹುಟ್ಟಿದೆ.

ಇದು ಒಬ್ಬ ಹುಡುಗನ ದುರದೃಷ್ಟವೆಂದು ಭಾವಿಸುವವರು ಹತ್ತಿರದ ವರ್ಷಗಳ ಘಟನೆಗಳನ್ನು ಗಮನಿಸಬೇಕು. 2019ರಲ್ಲಿ ನಮ್ಮ ಕರಾವಳಿಯ 30ಕ್ಕೂ ಹೆಚ್ಚು ಯುವಕರು ಕುವೈತಿನಲ್ಲಿ ಸಂಬಳವಿಲ್ಲದೆ ಸಿಕ್ಕಿಬಿದ್ದಿದ್ದರು. ಅವರೇ ಚಿತ್ರೀಕರಿಸಿ ಕಳುಹಿಸಿದ ವಿಡಿಯೋದಿಂದ ಸಂಗತಿ ನಾಡಿಗೆ ತಿಳಿಯಿತು. ಅಲ್ಲಿನ ಅನಿವಾಸಿ ಕನ್ನಡಿಗರು ಮತ್ತು ರಾಯಭಾರ ಕಚೇರಿಯ ನೆರವಿನಿಂದ ಅದೇ ವರ್ಷದ ಜುಲೈಯಿಂದ ತಂಡತಂಡವಾಗಿ ಊರು ಸೇರಿದರು. 2023ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಯುವಕರನ್ನು ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿಸಿ ರಷ್ಯಾಕ್ಕೆ ಕರೆದೊಯ್ದು, ಯುಕ್ರೇನ್ ಯುದ್ಧಭೂಮಿಯಲ್ಲಿ ನಿಲ್ಲಿಸಲಾಯಿತು. ಅವರನ್ನು ಸೆಳೆದದ್ದು ಯೂಟ್ಯೂಬ್ ವಾಹಿನಿಯೊಂದರ ಪ್ರಚಾರ. ಇದೇ ಜಾಲದಲ್ಲಿ ಸಿಲುಕಿದ ಹೈದರಾಬಾದಿನ ಯುವಕನೊಬ್ಬ ಮೃತಪಟ್ಟ ಸುದ್ದಿ 2024ರ ಮಾರ್ಚ್‌ನಲ್ಲಿ ಬಂತು. ಸಿಬಿಐ ಪ್ರಕರಣ ದಾಖಲಿಸಿದ್ದೂ ಆ ತಿಂಗಳಿನಲ್ಲೇ. ಕಲಬುರಗಿಯ ಹುಡುಗರು ಮನೆ ಸೇರಿದ್ದು ಸೆಪ್ಟೆಂಬರಿನಲ್ಲಿ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್‌ನ ಸೈಬರ್ ವಂಚನೆಯ ಅಡ್ಡೆಗಳಿಂದ ಬಿಡುಗಡೆಯಾದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಅವರಲ್ಲಿ ಅನೇಕರು ಕಂಪ್ಯೂಟರ್ ಕೆಲಸವನ್ನು ಅರಸಿ ಹೊರಟ ವಿದ್ಯಾವಂತರು.

ದೇಶಗಳು ಬೇರೆ, ಕೆಲಸದ ಹೆಸರುಗಳು ಬೇರೆ. ಆದರೆ ಉದ್ಯೋಗದಾತನಿಗೂ ಉದ್ಯೋಗಾಕಾಂಕ್ಷಿಗೂ ನಡುವೆ ಮುಖ ತೋರದ ಮೂರನೆಯವನೊಬ್ಬ ನಿಂತಿದ್ದ ಎಂಬುದು ಎಲ್ಲ ಕಡೆಯೂ ಸಮಾನ.

ವಿದೇಶಕ್ಕೆ ಹೋದವರ ಮಾತೇಕೆ? 2018ರ ಡಿಸೆಂಬರಿನಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲೇ ಶೆಡ್ಡೊಂದರಲ್ಲಿ ಕೂಡಿಹಾಕಿದ್ದ 52 ಮಂದಿ ಜೀತದಾಳುಗಳನ್ನು ಪೊಲೀಸರು ಬಿಡಿಸಿದರು. ಮಹಿಳೆಯರೂ ಮಕ್ಕಳೂ ಅವರಲ್ಲಿದ್ದರು. ಒಳ್ಳೆಯ ಕೂಲಿಯ ಆಸೆ ತೋರಿಸಿ ಬೇರೆ ಬೇರೆ ಊರುಗಳಿಂದ ಅವರನ್ನು ಕರೆತಂದಿದ್ದರು. ಸಕಲೇಶಪುರದ ಕಾಫಿ ತೋಟಗಳಿಗೆ ಆಳುಗಳನ್ನು ತರುತ್ತಿದ್ದ ಹಳೆಯ ಮೇಸ್ತ್ರಿಗಳ ಮುಂಗಡದ ಪದ್ಧತಿಯನ್ನು ಕಂಡ ಜಿಲ್ಲೆ ಇದು. ಆಳಿಗೆ ಮುಂಗಡ ಕೊಟ್ಟು ಮೇಸ್ತ್ರಿ ಅವನನ್ನು ಕಟ್ಟಿಹಾಕುತ್ತಿದ್ದ. ಇಂದಿನ ಏಜೆಂಟ್ ಆಳಿನಿಂದಲೇ ಮುಂಗಡ ಪಡೆದು ಅವನನ್ನು ಕಟ್ಟಿಹಾಕುತ್ತಾನೆ. ಪ್ರಗತಿಯೆಂದರೆ ಇದೇ ಏನು?

ಕಾನೂನು ಏನೂ ಹೇಳಿಲ್ಲವೆಂದು ಯಾರೂ ತಿಳಿಯಬಾರದು. ಬ್ರಿಟಿಷರ ಕಾಲದ 1922ರ ಕಾಯ್ದೆಯ ಬದಲಿಗೆ ಬಂದ 1983ರ ವಲಸೆ ಕಾಯ್ದೆಯ ಪ್ರಕಾರ, ಕೇಂದ್ರ ಸರ್ಕಾರದ ನೋಂದಣಿ ಪತ್ರವಿಲ್ಲದ ಯಾರೂ ವಿದೇಶದ ಕೆಲಸಕ್ಕೆ ಜನರನ್ನು ನೇಮಿಸುವಂತಿಲ್ಲ. ‘ಸಬ್ ಏಜೆಂಟ್’ ಎಂಬವನಿಗೆ ಈ ಕಾಯ್ದೆಯಲ್ಲಿ ಸ್ಥಾನವೇ ಇಲ್ಲ. ಅಂದರೆ ನಮ್ಮ ಹೋಟೆಲಿನ ಭಾಯಿ ಕಾನೂನಿನ ಕಣ್ಣಿಗೆ ಏಜೆಂಟನೇ ಅಲ್ಲ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ. ಶೇ. 18ರ ಜಿಎಸ್‌ಟಿ ಸೇರಿದರೆ 35,400. ಅದಕ್ಕೆ ರಸೀದಿ ಕೊಡುವುದು ಅವನ ಕರ್ತವ್ಯ. ನಮ್ಮ ಮನೆಗಳಲ್ಲಿ ಒಂದು ಲಕ್ಷ, ಒಂದೂವರೆ ಲಕ್ಷ ಎಣಿಸಿಕೊಟ್ಟವರಲ್ಲಿ ಎಷ್ಟು ಮಂದಿ ಈ ಅಂಕಿಯನ್ನು ಕೇಳಿದ್ದಾರೆ?

ಹತ್ತನೆಯ ತರಗತಿ ಪಾಸಾಗದವರು ಸೌದಿ, ಕುವೈತ್, ಕತಾರ್, ಯುಎಇ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ಬೆಂಗಳೂರಿನಲ್ಲೂ ಈ ಕಚೇರಿಯಿದೆ. ಅನುಮತಿ ಪಡೆದು ಹೊರಟವನ ಕರಾರು ಪತ್ರ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ, ಅಪಘಾತದಲ್ಲಿ ಮರಣವೋ ಶಾಶ್ವತ ಅಂಗವೈಕಲ್ಯವೋ ಸಂಭವಿಸಿದರೆ 10 ಲಕ್ಷ ರೂಪಾಯಿಯ ವಿಮೆ ದೊರೆಯುತ್ತದೆ. ಎರಡು ವರ್ಷಗಳ ಅವಧಿಗೆ ಇದರ ಕಂತು 275 ರೂಪಾಯಿ. ಏಜೆಂಟ್ ಈ ದಾರಿಯನ್ನು ತಪ್ಪಿಸಲೆಂದೇ ಹುಡುಗನನ್ನು ವಿಸಿಟ್ ವೀಸಾದಲ್ಲಿ ಕಳುಹಿಸುತ್ತಾನೆ. “ಅಲ್ಲಿಗೆ ಹೋದ ಮೇಲೆ ಬದಲಾಯಿಸೋಣ” ಎನ್ನುತ್ತಾನೆ. ವಿಸಿಟ್ ವೀಸಾದಲ್ಲಿ ಹೋದವನು ದಾಖಲೆಯ ಪ್ರಕಾರ ಪ್ರವಾಸಿಗ. ಅವನಿಗೆ ಕರಾರಿಲ್ಲ, ಈ ವಿಮೆಯಿಲ್ಲ, ಸಂಬಳ ಕೇಳುವ ಆಧಾರವಿಲ್ಲ. ಮುನ್ನೂರು ರೂಪಾಯಿಯೊಳಗಿನ ರಕ್ಷಣೆಯನ್ನು ಕಸಿದುಕೊಳ್ಳುವುದಕ್ಕಾಗಿ ನಾವು ಅವನಿಗೆ ಲಕ್ಷ ರೂಪಾಯಿ ಕೊಡುತ್ತಿದ್ದೇವೆ!

ಹೆಸರು ಹೇಳಲು ಅವನು ಅಂಜುವುದೇಕೆ? ಅವನ ಸಮರ್ಥನೆಯನ್ನೂ ಕೇಳೋಣ. ಕಂಪೆನಿಯ ಹೆಸರು ಹೇಳಿದರೆ ಜನ ತನ್ನನ್ನು ಬಿಟ್ಟು ನೇರವಾಗಿ ಹೋಗುತ್ತಾರೆ, ತನ್ನ ಹೊಟ್ಟೆಪಾಡು ಏನಾಗಬೇಕು ಎನ್ನುತ್ತಾನೆ. ದುಡಿದವನಿಗೆ ಪ್ರತಿಫಲ ಸಲ್ಲಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ನಮ್ಮ ಫಿಕ್ಹ್ ವಿದ್ವಾಂಸರು ದಲ್ಲಾಳಿಯ ಸಂಭಾವನೆಯನ್ನು ನಿಷಿದ್ಧವೆನ್ನಲಿಲ್ಲ. ಆದರೆ ವಸ್ತು ಸ್ಪಷ್ಟವಿರಬೇಕು, ಸಂಭಾವನೆ ಗೊತ್ತಾಗಿರಬೇಕು, ಮೋಸವಿರಬಾರದು ಎಂಬ ಷರತ್ತುಗಳನ್ನಿಟ್ಟರು. ಹಾಸನದ ಮಾರುಕಟ್ಟೆಯಲ್ಲಿ ಬಿತ್ತನೆ ಆಲೂಗೆಡ್ಡೆ ಮಾರುವ ವರ್ತಕ ಅದು ಜಲಂಧರದಿಂದ ಬಂದದ್ದೆಂದು ಬಾಯಿಬಿಟ್ಟು ಹೇಳುತ್ತಾನೆ. ರೈತ ಜಲಂಧರಕ್ಕೆ ಓಡಿಹೋಗುವುದಿಲ್ಲ. ವರ್ತಕ ಮೂಲವನ್ನೇ ಮರೆಮಾಚಿದರೆ ಮಾತ್ರ ಯಾವ ರೈತನೂ ಆ ಮೂಟೆಯನ್ನು ಮುಟ್ಟುವುದಿಲ್ಲ. ಪ್ರಾಮಾಣಿಕ ಮಧ್ಯವರ್ತಿಗೆ ಮೂಲ ತಿಳಿಸುವುದರಿಂದ ನಷ್ಟವಿಲ್ಲ. ಮೂಲವೇ ಇಲ್ಲದವನಿಗೆ ಮಾತ್ರ ನಷ್ಟ.

ನಿಜಸಂಗತಿಯೇನೆಂದರೆ, ಅನೇಕ ಬಾರಿ ಅವನ ಕೈಯಲ್ಲಿ ಕೆಲಸವೇ ಇರುವುದಿಲ್ಲ, ವೀಸಾ ಮಾತ್ರ ಇರುತ್ತದೆ. ‘ಆಜಾದ್ ವೀಸಾ’ ಎಂದು ನಮ್ಮಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರಲ್ಲ, ಅದರ ಅರ್ಥವೇನು? ಅಲ್ಲಿನ ಕಫೀಲ್ ಒಬ್ಬ ತನಗೆ ಬೇಡದ ಆಳಿಗಾಗಿ ವೀಸಾ ತೆಗೆಸಿ ಮಾರುತ್ತಾನೆ. ಕೈಯಿಂದ ಕೈಗೆ ದಾಟಿದಂತೆ ಅದರ ಬೆಲೆ ಏರುತ್ತದೆ. ಹೋದವನು ಕೆಲಸವನ್ನು ತಾನೇ ಹುಡುಕಿಕೊಳ್ಳಬೇಕು, ಕಫೀಲನಿಗೆ ಕಾಣಿಕೆ ಸಲ್ಲಿಸುತ್ತಲೇ ಇರಬೇಕು. ಪ್ರಾಯೋಜಕನಲ್ಲದವನ ಬಳಿ ದುಡಿಯುವುದು ಅಲ್ಲಿನ ಕಾನೂನಿನಂತೆ ಅಪರಾಧವಾದುದರಿಂದ ಪೊಲೀಸರನ್ನು ಕಂಡರೆ ಅಡಗಬೇಕು. ಹೆಸರು ‘ಆಜಾದ್’, ಬದುಕು ಬಂಧನ! ಇಂತಹ ವ್ಯಾಪಾರದ ಸರಪಳಿಯಲ್ಲಿ ಒಬ್ಬನ ಹೆಸರು ಹೊರಬಿದ್ದರೂ ಎಲ್ಲರ ಲಾಭದ ಲೆಕ್ಕ ಹೊರಬೀಳುತ್ತದೆ. ಗುಟ್ಟಿನ ಗುಟ್ಟು ಇಷ್ಟೇ.

ತಮ್ಮ ಮಕ್ಕಳು ಓದಿದವರು, ಮೋಸ ಹೋಗಲಾರರು ಎಂದು ನಂಬಿರುವ ಹೆತ್ತವರಿಗೂ ಒಂದು ಮಾತು. ಹತ್ತನೆಯ ತರಗತಿ ದಾಟಿದವನಿಗೆ ಮೇಲೆ ಹೇಳಿದ ಅನುಮತಿಯ ಅಗತ್ಯವಿಲ್ಲ. ಆದುದರಿಂದ ಅವನ ಕರಾರನ್ನು ಸರ್ಕಾರದ ಯಾವ ಅಧಿಕಾರಿಯೂ ಕಡ್ಡಾಯವಾಗಿ ನೋಡುವುದಿಲ್ಲ. ಓದಿದವನು ತನ್ನನ್ನು ತಾನೇ ಕಾಪಾಡಿಕೊಳ್ಳುವನೆಂದು ಕಾನೂನು ಭಾವಿಸಿದೆ. ಪದವಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ನಮಗೂ ಕನ್ಸಲ್ಟೆನ್ಸಿಯೊಂದರಿಂದ ಕರೆ ಬಂದಿತ್ತು. ಕಂಪೆನಿಯ ಹೆಸರು ‘ಗೋಪ್ಯ’, ನೋಂದಣಿ ಶುಲ್ಕ ಮಾತ್ರ ಬಹಿರಂಗ. ಕಟ್ಟಿದೆವು. ಸಂದರ್ಶನದ ದಿನ ಬರಲೇ ಇಲ್ಲ. ಪದವಿಯಿದ್ದವನಿಗೆ ಪ್ರಶ್ನೆ ಕೇಳುವ ಧೈರ್ಯವೂ ಇರುತ್ತದೆಂಬುದು ಭ್ರಮೆ. ಕೆಲಸವಿಲ್ಲದ ಅವಮಾನ ಎಂತಹ ಬಾಯಿಯನ್ನೂ ಮುಚ್ಚಿಸುತ್ತದೆ. ಹಾಸನದ ಕಾರ್ಖಾನೆಗೆ ಗುತ್ತಿಗೆದಾರನ ಮೂಲಕ ಸೇರುವವರಿಗೂ ಇದು ಅನ್ವಯಿಸುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ಪತ್ರವಿಲ್ಲದ ಕೆಲಸಕ್ಕೆ ಸೇರುವ ಮುನ್ನ ಅದನ್ನು ಕೇಳುವ ಹಕ್ಕು ನಮ್ಮ ಹುಡುಗ ಹುಡುಗಿಯರಿಗಿದೆ.

ಇಲ್ಲಿಯವರೆಗೆ ಹೇಳಿದ್ದು ಏಜೆಂಟನ ಮಾತು. ಇನ್ನು ನಮ್ಮ ಮಾತು. ಅವನ ಗುಟ್ಟನ್ನು ಕಾಯುತ್ತಿರುವವರು ಯಾರು? ನಾವೇ.

“ವೀಸಾ ಬರುವತನಕ ಯಾರಿಗೂ ಹೇಳಬಾರದು, ದೃಷ್ಟಿ ತಾಕುತ್ತದೆ” ಎಂದು ತಾಯಿ ಮಗನಿಗೆ ಹೇಳುತ್ತಾಳೆ. ಏಜೆಂಟನಿಗೆ ಇದಕ್ಕಿಂತ ದೊಡ್ಡ ಕಾವಲು ಬೇಕೇ? ಪಕ್ಕದ ಬೀದಿಯಲ್ಲಿ ಅವನಿಂದಲೇ ಮೋಸಹೋದವರಿದ್ದರೂ ಈ ಮನೆಗೆ ಅದು ತಿಳಿಯುವುದಿಲ್ಲ. ಹುಡುಗ ‘ಫಾರಿನ್’ನಲ್ಲಿದ್ದಾನೆಂದರೆ ನಿಕಾಹ್ ಮಾರುಕಟ್ಟೆಯಲ್ಲಿ ಅವನ ಬೆಲೆ ಏರುತ್ತದೆ. ಹೆಣ್ಣಿನ ಕಡೆಯಿಂದ ಬರುವ ವರದಕ್ಷಿಣೆಯಿಂದಲೇ ಏಜೆಂಟನ ಬಾಕಿ ತೀರಿಸುವ ಮನೆಗಳೂ ನಮ್ಮಲ್ಲಿವೆ. ಅಲ್ಲಿ ಕುರಿ ಕಾಯುತ್ತಿದ್ದರೂ ಇಲ್ಲಿ ‘ಸೂಪರ್‌ವೈಸರ್’ ಎಂದು ಹೇಳಿಕೊಳ್ಳಬೇಕಾದ ಒತ್ತಡವನ್ನು ಹುಡುಗನ ಮೇಲೆ ಹೇರಿದವರು ನಾವು. ಬರಿಗೈಯಲ್ಲಿ ಮರಳಿದವನನ್ನು ಕಂಡು ನಗುವವರೂ ನಾವು. ಮತ್ತೆ ಅವನು ಸತ್ಯವನ್ನು ಹೇಗೆ ಹೇಳಿಯಾನು?

ಅದಕ್ಕಿಂತಲೂ ದುಃಖದ ಸಂಗತಿಯೊಂದಿದೆ. ಮೋಸ ಬಯಲಾದಾಗ ಊರಿನ ಹಿರಿಯರು ರಾಜಿ ಪಂಚಾಯಿತಿಗೆ ಕೂರುತ್ತಾರೆ. ಅರ್ಧ ಹಣ ಹಿಂದಿರುಗಿಸಿದರೆ ಸಾಕು, ಪೊಲೀಸ್ ಠಾಣೆಗೆ ಹೋದರೆ ಸಮುದಾಯದ ಮರ್ಯಾದೆ ಹೋಗುತ್ತದೆ ಎಂದು ಸಂತ್ರಸ್ತನ ಬಾಯಿ ಮುಚ್ಚಿಸುತ್ತಾರೆ. ಏಜೆಂಟ್ ಆ ಅರ್ಧವನ್ನೂ ಮುಂದಿನ ಹುಡುಗನ ಮುಂಗಡದಿಂದಲೇ ತಂದು ಕೊಡುತ್ತಾನೆ. ಮಸೀದಿಗೆ ಒಂದು ಇನ್ವರ್ಟರ್ ಕೊಡಿಸಿದರಂತೂ ಮುಂದಿನ ಜಲ್ಸಾದಲ್ಲಿ ಅವನಿಗೆ ಮೊದಲ ಸಾಲಿನ ಕುರ್ಚಿ. ವಂಚಕನನ್ನು ಮುಚ್ಚಿಟ್ಟು ಉಳಿಸಿಕೊಳ್ಳುವುದು ಸಮುದಾಯದ ಮರ್ಯಾದೆಯೇ? ಬೇರೆಯವರು ನಮ್ಮವರಿಗೆ ಅನ್ಯಾಯ ಮಾಡಿದಾಗ ಬೀದಿಗಿಳಿಯುವ ನಾವು, ನಮ್ಮವನೇ ನಮ್ಮವರನ್ನು ಮಾರಿದಾಗ ಬಾಗಿಲು ಮುಚ್ಚಿಕೊಳ್ಳುವುದೇಕೆ? ಸ್ವತಂತ್ರ ಮನುಷ್ಯನನ್ನು ಮಾರಿ ಆ ಬೆಲೆಯನ್ನು ಉಂಡವನಿಗೆ ತೀರ್ಪಿನ ದಿನ ಅಲ್ಲಾಹನೇ ಎದುರುವಾದಿಯಾಗಿ ನಿಲ್ಲುವನೆಂಬ ಪ್ರವಾದಿವರ್ಯರ(ಸ) ಎಚ್ಚರಿಕೆ ನಮ್ಮ ಜುಮಾ ಖುತ್ಬಾಗಳಲ್ಲಿ ಎಷ್ಟು ಬಾರಿ ಕೇಳಿಬಂದಿದೆ?

ಹೀಗೆಂದು ಸರ್ಕಾರವನ್ನು ಹೊಣೆಯಿಂದ ಬಿಡಲಾಗದು. ನೋಂದಣಿಯಿಲ್ಲದೆ ಜನರನ್ನು ಕಳುಹಿಸುವವನಿಗೆ 1983ರ ಕಾಯ್ದೆ ವಿಧಿಸಿದ ಶಿಕ್ಷೆ ಎರಡು ವರ್ಷಗಳವರೆಗಿನ ಸೆರೆವಾಸ ಮತ್ತು ಎರಡು ಸಾವಿರ ರೂಪಾಯಿವರೆಗಿನ ದಂಡ. ಒಬ್ಬ ಹುಡುಗನಿಂದ ಲಕ್ಷ ದೋಚುವವನಿಗೆ ಎರಡು ಸಾವಿರ! 2019ರಲ್ಲೂ 2021ರಲ್ಲೂ ಹೊಸ ಮಸೂದೆಯ ಕರಡುಗಳು ಹೊರಬಂದವು, ಅವು ಕಾಯ್ದೆಯಾಗಲಿಲ್ಲ. ನೋಂದಣಿಯಿಲ್ಲದ 3 ಸಾವಿರಕ್ಕೂ ಹೆಚ್ಚು ಏಜೆಂಟರನ್ನು ವಿದೇಶಾಂಗ ಸಚಿವಾಲಯ ಇ-ಮೈಗ್ರೇಟ್ ತಾಣದಲ್ಲಿ ಹೆಸರಿಸಿದೆ. ಆದರೆ ಆ ಪಟ್ಟಿ ಹೊಳೆನರಸೀಪುರದ ಠಾಣೆಯ ಗೋಡೆಯ ಮೇಲೆ, ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ಏಕೆ ಕಾಣಬಾರದು? ನೆರೆಯ ಕೇರಳ 1996ರಲ್ಲೇ ಅನಿವಾಸಿ ಕೇರಳೀಯರಿಗಾಗಿ ನೋರ್ಕಾ ಇಲಾಖೆಯನ್ನು ತೆರೆಯಿತು. ವಿದೇಶದ ಉದ್ಯೋಗಕ್ಕೆ ನೇಮಿಸುವ ಅದರ ಸರ್ಕಾರಿ ಸಂಸ್ಥೆ 1977ರಷ್ಟು ಹಳೆಯದು. ನಮ್ಮ ರಾಜ್ಯದಲ್ಲೂ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಅದು ಬೆಂಗಳೂರಿನಿಂದ ಜಿಲ್ಲೆಗಳಿಗೆ ಇಳಿದು ಬರಬೇಕು. ಸರ್ಕಾರದ ಕಚೇರಿ ತಲುಪದ ಕಡೆಗೆ ಏಜೆಂಟ್ ಎಂದೋ ತಲುಪಿದ್ದಾನೆ.

ಆದರೆ ಸರ್ಕಾರ ಎಚ್ಚರಗೊಳ್ಳುವತನಕ ಕಾಯುವಷ್ಟು ಸಮಯ ಗಿರವಿ ಅಂಗಡಿಯಲ್ಲಿರುವ ಒಡವೆಗಳಿಗಿಲ್ಲ. ಪ್ರತಿ ಊರಿನ ಮಸೀದಿ ಸಮಿತಿ ಒಂದು ದಪ್ಪ ಪುಸ್ತಕವನ್ನಿಡಲಿ. ವಿದೇಶಕ್ಕೆ ಹೊರಡುವ ಪ್ರತಿಯೊಬ್ಬನ ಹೆಸರು, ಏಜೆಂಟನ ಪೂರ್ಣ ಹೆಸರು ಮತ್ತು ನೋಂದಣಿ ಸಂಖ್ಯೆ, ಕಂಪೆನಿಯ ಹೆಸರು, ಕೊಟ್ಟ ಹಣ, ವೀಸಾದ ಬಗೆ ಅದರಲ್ಲಿ ದಾಖಲಾಗಲಿ. ಅರಬಿ ಬಲ್ಲ ಇಮಾಮರು ವೀಸಾ ಕಾಗದವನ್ನು ಹಣ ಕೊಡುವ ಮೊದಲೇ ಓದಿ ಹೇಳಲಿ. ನೋಂದಣಿ ಸಂಖ್ಯೆ ನಿಜವೇ ಎಂಬುದನ್ನು ಇ-ಮೈಗ್ರೇಟ್ ತಾಣದಲ್ಲಿ ಮೊಬೈಲಿನಲ್ಲೇ ನೋಡಬಹುದು. ಕಾಲೇಜಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಅಣ್ಣನಿಗಾಗಿ ಐದು ನಿಮಿಷದಲ್ಲಿ ಈ ಕೆಲಸ ಮಾಡಬಲ್ಲರು. ಪಾಸ್‌ಪೋರ್ಟನ್ನು ಯಾರ ಬಳಿಯೂ ಒತ್ತೆಯಿಡಬಾರದು. ಅದು ಕಾನೂನಿನಂತೆ ಭಾರತ ಸರ್ಕಾರದ ಸ್ವತ್ತು. ಹಣವನ್ನು ಕೈಯಲ್ಲಿ ಎಣಿಸಿಕೊಡದೆ ಬ್ಯಾಂಕಿನ ಮೂಲಕವೇ ಸಲ್ಲಿಸಬೇಕು. ಇಷ್ಟಕ್ಕೆ ಒಪ್ಪದ ಏಜೆಂಟ್ ಎದ್ದುಹೋದರೆ ಹೋಗಲಿ. ಹೋದದ್ದು ಕೆಲಸವಲ್ಲ, ಬಲೆ.

ಈಗಾಗಲೇ ಮೋಸಹೋದವರು ದೂರು ನೀಡಲು ಹಿಂಜರಿಯಬಾರದು. ಈ ಕಾಯ್ದೆಯಡಿ ಮೊಕದ್ದಮೆಗೆ ಸಾಮಾನ್ಯವಾಗಿ ಕೇಂದ್ರದ ಅನುಮತಿ ಬೇಕು. ಆದರೆ ವಲಸೆ ಹೋದವನು ತಾನೇ ದೂರಿತ್ತರೆ, ಅಥವಾ ಅವನ ಪರವಾಗಿ ತಂದೆ, ತಾಯಿ, ಹೆಂಡತಿ, ಸೋದರ, ಸೋದರಿ ದೂರಿತ್ತರೆ ಆ ಅನುಮತಿಯ ಅಗತ್ಯವಿಲ್ಲ. ಒಡವೆ ಕಳೆದುಕೊಂಡ ತಾಯಿಯ ಕೈಗೇ ಕಾನೂನು ಒಂದು ಅಸ್ತ್ರವನ್ನಿಟ್ಟಿದೆ. ರಾಜಿಗೆ ಕೂರುವ ಹಿರಿಯರು ಅದನ್ನು ಅವಳ ಕೈಯಿಂದ ಕಸಿಯದಿರಲಿ.

“ನಮ್ಮವರ ನಡುವೆ ಬರಹವೇಕೆ, ಮಾತು ಸಾಲದೇ?” ಎನ್ನುವವರಿಗೆ ಒಂದೇ ಉತ್ತರ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ, ಅಲ್‌ ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನಿರಿಸುವ ಕುರಿತಾದುದು. ವಿಶ್ವಾಸವಿಲ್ಲದವರಿಗೆ ಮಾತ್ರವೆಂದು ಅದು ಬಂದಿಲ್ಲ, ವಿಶ್ವಾಸಿಗಳನ್ನೇ ಕರೆದು ಆದೇಶಿಸಿದೆ. ಕಾಗದ ಕೇಳಿದರೆ ಸಂಬಂಧ ಕೆಡುತ್ತದೆಂದು ಅಳುಕುವವರು ಈ ಸೂಕ್ತವನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಮುಂದಿನ ಬಾರಿ ಯಾರಾದರೂ ತಂದೆ ಮಗ ವೀಸಾ ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದರೆ, ಓದಿ ಹೇಳುವುದಕ್ಕೆ ಮೊದಲು ನಾವು ಕೇಳುವ ಪ್ರಶ್ನೆ ಒಂದೇ: ಏಜೆಂಟನ ಹೆಸರೇನು? ಉತ್ತರ ಬರುವತನಕ ಬಿಡುವುದಿಲ್ಲ. ಓದುಗರೂ ತಮ್ಮ ತಮ್ಮ ಮನೆಯ ಜಗುಲಿಯಲ್ಲಿ ಈ ಪ್ರಶ್ನೆಯನ್ನು ಕೇಳಲಿ. ರಾಮನಾಥಪುರದ ತಂಬಾಕಿನ ಬೇಲ್‌ಗೆ ದೊರೆಯುವಷ್ಟು ಗೌರವವಾದರೂ ನಮ್ಮ ಮಕ್ಕಳಿಗೆ ದೊರೆಯಲಿ.